ಪಾರ್ಕಿನಲ್ಲಿ ಡೊಳ್ಳು ಬಾರಿಸುವ ಮುಂಚೆ: ಬೇಸಿಗೆ ಸಂಜೆಯ ಹಾಡು-ಕುಣಿತಕ್ಕೊಂದು ಮಾರ್ಗದರ್ಶಿ

ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಬಿಸಿಲು 38 ಡಿಗ್ರಿ ಮುಟ್ಟಿರುತ್ತದೆ. ಆದರೆ ಸಂಜೆ ಆರಾಯಿತೆಂದರೆ ಊರಿಗೆ ಊರೇ ಆಚೆ ಬರುತ್ತದೆ. ಪಾರ್ಕಿನಲ್ಲಿ ಒಂದು ಬೆಂಚೂ ಖಾಲಿ ಇರುವುದಿಲ್ಲ. ಕುಂದವಾಡ ಕೆರೆ ಏರಿ ಮೇಲೆ, ಗಾಜಿನ ಮನೆ ಹತ್ತಿರ ಜನವೋ ಜನ. ಮಕ್ಕಳಿಗೆ ಶಾಲೆಯಿಲ್ಲ, ದೊಡ್ಡವರಿಗೆ ಮನೆಯೊಳಗೆ ಗಾಳಿಯಿಲ್ಲ.

ಇಷ್ಟು ಜನ ಸುಮ್ನೆ ಕೂತಿರುವಾಗ ನಮ್ಮ ಕಡೆಯ ಹಾಡು, ಕುಣಿತ ಇಲ್ಲಿಗೇ ತಂದರೆ ಹೇಗೆ ಅಂತ ನಮ್ಮ ಬಡಾವಣೆಯ ಐದಾರು ಮಂದಿಗೆ ಅನ್ನಿಸಿತು. ಒಂದಿಷ್ಟು ವರ್ಷ ಮಾಡಿದೆವು. ಕಲಿತದ್ದೆಲ್ಲ ತಪ್ಪು ಮಾಡಿಯೇ. ನೀವೂ ಅದೇ ತಪ್ಪು ಮಾಡುವುದು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲನೇ ವರ್ಷದ ದೊಡ್ಡ ತಪ್ಪು ಸ್ಟೇಜ್. ಹಲಗೆ ಜೋಡಿಸಿ, ಹಿಂದೆ ಬ್ಯಾನರ್ ಕಟ್ಟಿ, ಮುಂದೆ ಹೂವಿನ ಕುಂಡ ಇಟ್ಟಿದ್ದೆವು. ಡೊಳ್ಳಿನ ತಂಡದ ಹದಿನಾಲ್ಕು ಜನ ಅದರ ಮೇಲೆ ಹತ್ತಿ, ಜಾಗ ಸಾಲದೆ, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ನಿಂತರು. ಕುಣಿದರೆ ಹಲಗೆ ಕುಣಿಯುತ್ತಿತ್ತು. ತಂಡದ ಯಜಮಾನರು ಎರಡೇ ನಿಮಿಷಕ್ಕೆ ಎಲ್ಲರನ್ನೂ ಕೆಳಗಿಳಿಸಿ ಹುಲ್ಲಿನ ಮೇಲೆ ಸುತ್ತು ಕಟ್ಟಿದರು. ಆಮೇಲೆ ನೋಡಬೇಕಿತ್ತು, ಪಾರ್ಕೇ ನಡುಗಿತು. ಹೂವಿನ ಕುಂಡದ ಹಿಂದೆ ಕೂತಿದ್ದ ಗಣ್ಯರಿಗೆ ಮಾತ್ರ ಏನೂ ಕಾಣಲಿಲ್ಲ. ನಮ್ಮ ಕಡೆಯ ಕುಣಿತಗಳಲ್ಲಿ ಬಹುಪಾಲು ನೆಲದ ಮೇಲೆ, ಸುತ್ತ ನಿಂತ ಜನರ ನಡುವೆ ಹುಟ್ಟಿದವು. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ಕೆಲಸ ಸಲೀಸು.

ಹೆಜ್ಜೆ 1: ದಿನ ಗೊತ್ತುಮಾಡಿ, ಎರಡು ತಿಂಗಳು ಮುಂಚೆಯೇ

ನಮ್ಮಲ್ಲಿ ಬೇಸಿಗೆ ಎಂದರೆ ಜಾತ್ರೆ, ಮದುವೆ. ಫೆಬ್ರುವರಿಯಿಂದ ಮೇ ತನಕ ಒಳ್ಳೆಯ ತಂಡಗಳಿಗೆ ಬಿಡುವೇ ಇರುವುದಿಲ್ಲ. ಗ್ರಾಮದೇವತೆ ಹಬ್ಬಗಳು ಹೆಚ್ಚಾಗಿ ಮಂಗಳವಾರ ಬರುತ್ತವೆ. ಆ ದಿನದ ಆಸೆ ಬಿಡಿ. ಭಾನುವಾರ ಮದುವೆಗಳ ದಿನ. ನಮಗೆ ಹೊಂದಿದ್ದು ಶನಿವಾರ.

ಇನ್ನೊಂದು ವಿಷಯ ಪೇಟೆಯವರಿಗೆ ಹೊಳೆಯುವುದಿಲ್ಲ. ತಂಡದವರು ಬಹುತೇಕ ರೈತರು, ಕೂಲಿ ಮಾಡುವವರು. ಭದ್ರಾ ನಾಲೆಗೆ ಬೇಸಿಗೆ ನೀರು ಬಿಟ್ಟ ವರ್ಷ ಹರಿಹರ, ಮಲೇಬೆನ್ನೂರು ಕಡೆ ಭತ್ತದ ಕೊಯ್ಲು ಏಪ್ರಿಲ್ ಕೊನೆಯಿಂದ ಮೇ ಒಳಗೇ ಬರುತ್ತದೆ. ಆಗ ಹದಿನಾಲ್ಕು ಜನರ ತಂಡದಲ್ಲಿ ಎಂಟೇ ಜನ ಬಂದಾರು. ಲಂಬಾಣಿ ತಾಂಡಾಗಳಲ್ಲಿ ಕಬ್ಬು ಕಡಿಯುವುದಕ್ಕೆ, ಕಾಫಿ ತೋಟಕ್ಕೆ ಗುಳೆ ಹೋದವರು ಯಾವಾಗ ವಾಪಸು ಬರುತ್ತಾರೆ ಎಂದೂ ಕೇಳಿಕೊಳ್ಳಿ. ದಿನವನ್ನು ನೀವೇ ಹೇಳುವ ಮೊದಲು ಅವರಿಗೆ ಯಾವ ದಿನ ಅನುಕೂಲ ಎಂದು ವಿಚಾರಿಸುವುದು ವಾಸಿ. ಸಾಧ್ಯವಾದರೆ ಹುಣ್ಣಿಮೆಯ ಆಸುಪಾಸು ಇಟ್ಟುಕೊಳ್ಳಿ. ಕರೆಂಟು ಹೋದರೂ ದಾರಿ ಕಾಣುತ್ತದೆ.

ಹೆಜ್ಜೆ 2: ಯಾರನ್ನು ಕರೆಯುವುದು?

ದೂರದಿಂದ ಯಾರೂ ಬೇಕಾಗಿಲ್ಲ. ಐವತ್ತು ಅರವತ್ತು ಕಿಲೋಮೀಟರ್ ಸುತ್ತಿನೊಳಗೆ ಎಷ್ಟಿದೆ ನೋಡಿ.

ಡೊಳ್ಳು ಎಲ್ಲ ಕಡೆಯೂ ಇದೆ. ಬೀರೇಶ್ವರ ದೇವರ ಗುಡಿ ಇರುವ ಊರಲ್ಲಿ ವಿಚಾರಿಸಿದರೆ ಸಾಕು. ವೀರಭದ್ರನ ಸೇವೆಯ ವೀರಗಾಸೆ ಕುಣಿತ, ಸಮಾಳ ವಾದ್ಯ, ಎತ್ತರದ ಬಿದಿರ ಕೋಲು ಹೊತ್ತು ಕುಣಿಯುವ ನಂದಿಕೋಲು ಇವೆ. ಡಮರು ಹಿಡಿದು ಕುಣಿಯುವ ಮೈಲಾರಲಿಂಗನ ಭಕ್ತರು, ಗೊರವರು ಇದ್ದಾರೆ. ತಮಟೆ, ಉರುಮೆ ಎಂಬ ಚರ್ಮವಾದ್ಯ ಬಾರಿಸುವವರು ಇದ್ದಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗಳ ಸಂತ ಸೇವಾಲಾಲರು ಹುಟ್ಟಿದ್ದೆಂದು ನಂಬುವ ಜಾಗ. ಜಿಲ್ಲೆಯಲ್ಲಿ ತಾಂಡಾಗಳಿಗೇನು ಕಮ್ಮಿ? ನಗಾರಿ, ಕಂಚಿನ ತಟ್ಟೆಯ ಸದ್ದಿಗೆ ಲಂಬಾಣಿ ಹೆಂಗಸರು ಸುತ್ತು ಹಾಕಿ ಹಾಡುತ್ತಾ ಕುಣಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. 1997ರವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರೇ ಆಗಿದ್ದೆವಲ್ಲ, ಸ್ವಲ್ಪ ದೂರವಾದರೂ ಆ ಕಡೆಯನ್ನೂ ಮರೆಯಬೇಡಿ. ಚಳ್ಳಕೆರೆ, ಹಿರಿಯೂರು ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಊದುವವರು ಸಿಗುತ್ತಾರೆ. ಗಣೆ ಎಂದರೆ ಉದ್ದನೆಯ ಬಿದಿರ ಕೊಳಲು, ಕಾಡುಗೊಲ್ಲರ ದೈವ ಜುಂಜಪ್ಪನ ಕಥೆಯ ಜೊತೆಗೆ ಬರುವ ವಾದ್ಯ. ಸಾವಿರಾರು ಹಾಡು ಬಾಯಲ್ಲೇ ಇಟ್ಟುಕೊಂಡಿದ್ದ ಸಿರಿಯಜ್ಜಿ ಚಳ್ಳಕೆರೆ ಸೀಮೆಯ ಹಟ್ಟಿಯವರೇ.

ಹಾಡಿನ ಕಡೆಗೆ ಬಂದರೆ ಏಕತಾರಿ ಹಿಡಿದ ತತ್ವಪದದವರು, ಭಜನೆ ಮೇಳ, ಸೋಬಾನೆ ಹೇಳುವ ಅಜ್ಜಿಯರು. ಜೊತೆಗೆ ರಂಗಗೀತೆ. ದಾವಣಗೆರೆ ಕಂಪನಿ ನಾಟಕದ ಊರು. ನಟಿ ಚಿಂದೋಡಿ ಲೀಲಾ ಅವರ ಮನೆತನ ಕಟ್ಟಿ ಬೆಳೆಸಿದ ನಾಟಕ ಕಂಪನಿಯ ಊರು ಇದು. ಹಾರ್ಮೋನಿಯಂ ಮುಂದೆ ಕೂತು ಹಳೇ ರಂಗಗೀತೆಯ ಒಂದು ಆಲಾಪ ತೆಗೆದರೆ ಎಪ್ಪತ್ತು ದಾಟಿದವರ ಮುಖ ನೋಡಬೇಕು.

ವಿಳಾಸ ಬೇಕಾದರೆ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಗೆ ಹೋಗಿ, ಕಲಾತಂಡಗಳ ವಿವರ ಅಲ್ಲಿ ಸಿಗುತ್ತದೆ. ಕರ್ನಾಟಕ ಜಾನಪದ ಪರಿಷತ್ತಿನ ಜಿಲ್ಲಾ ಘಟಕದವರನ್ನೂ ಕೇಳಿ. ಆದರೆ ಪಟ್ಟಿಯನ್ನೇ ನಂಬಿ ಕೂರಬೇಡಿ. ಜಾತ್ರೆಯಲ್ಲಿ ತಂಡವನ್ನು ಕಣ್ಣಾರೆ ನೋಡಿ ಕರೆಯುವುದೇ ಒಳ್ಳೆಯದು. ವಾಟ್ಸಾಪಿನಲ್ಲಿ ಬರುವ ವಿಡಿಯೋ ಯಾವ ವರ್ಷದ್ದೋ, ಯಾವ ತಂಡದ್ದೋ!

ಒಂದು ಸಂಜೆಗೆ ನಾಲ್ಕು ತಂಡ ಸಾಕು. ನಾವೊಮ್ಮೆ ಒಂಬತ್ತು ಕರೆದಿದ್ದೆವು. ಯಾರಿಗೂ ಹತ್ತು ನಿಮಿಷ ದಾಟಿ ಸಿಗಲಿಲ್ಲ. ವೀರಗಾಸೆಯವರ ಮೈಗೆ ಕುಣಿತ ಏರುವುದೇ ಹತ್ತನೇ ನಿಮಿಷಕ್ಕೆ. ಸರಿಯಾಗಿ ಆಗಲೇ ನಾವು ಚೀಟಿ ಕಳಿಸಿದೆವು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಹೆಜ್ಜೆ 3: ವೀಳ್ಯ, ದುಡ್ಡು, ಗಾಡಿ

ಕಲಾವಿದರನ್ನು ಕರೆಯುವ ಹಳೇ ಪದ್ಧತಿ ವೀಳ್ಯ ಕೊಡುವುದು. ಎಲೆ, ಅಡಿಕೆ, ಮುಂಗಡ ತೆಗೆದುಕೊಂಡು ಊರಿಗೇ ಹೋಗಿ ಬನ್ನಿ. ಫೋನಿನಲ್ಲಿ ಕರೆದದ್ದಕ್ಕೂ ಮನೆಗೆ ಹೋಗಿ ಕರೆದದ್ದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಕೂತಾಗಲೇ ಐದು ವಿಷಯ ಬಾಯಿಬಿಟ್ಟು ಮಾತಾಡಿ: ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ, ಸಂಭಾವನೆ ಎಷ್ಟು, ಗಾಡಿ ಯಾರದು, ಊಟ ಯಾವಾಗ.

ಗಾಡಿ ನೀವೇ ಮಾಡಿ. ಹನ್ನೆರಡು ಡೊಳ್ಳು ಬಸ್ಸಿನಲ್ಲಿ ಬರುವುದಿಲ್ಲ. ಬಂದರೂ ರಾತ್ರಿ ಒಂಬತ್ತೂವರೆ ಮೇಲೆ ಹಳ್ಳಿ ಬಸ್ ಎಲ್ಲಿದೆ? ಟೆಂಪೋ ಮಾಡಿ, ಡ್ರೈವರ್ ಊಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ದುಡ್ಡಿನ ವಿಷಯ ಬಿಡಿಸಿ ಹೇಳುತ್ತೇನೆ. ಆ ರಾತ್ರಿ, ಗಾಡಿ ಹತ್ತುವ ಮುಂಚೆ, ಪೂರ್ತಿ ಸಂಭಾವನೆ ಕೈಗೆ ಸೇರಬೇಕು. ಸೋಮವಾರ ಬನ್ನಿ, ಸಹಿ ಆಗಬೇಕು ಎಂದೆಲ್ಲ ಹೇಳಬೇಡಿ. ಅವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಚಂದಾ ಪೂರ್ತಿ ಬಂದಿಲ್ಲವಾದರೆ ಶಾಮಿಯಾನ ಕಡಿಮೆ ಮಾಡಿ, ಹಾರ ಕಡಿಮೆ ಮಾಡಿ, ಬ್ಯಾನರ್ ಬೇಡವೇ ಬೇಡ.

ಹೆಜ್ಜೆ 4: ಅನುಮತಿ ಪತ್ರಗಳು

ಪಾರ್ಕ್ ಮಹಾನಗರ ಪಾಲಿಕೆಯದ್ದಾದರೆ ಪಾಲಿಕೆಗೆ ಅರ್ಜಿ. ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ. ತಾತ್ಕಾಲಿಕ ಕರೆಂಟಿಗೆ ಬೆಸ್ಕಾಂ. ಬೀದಿ ಕಂಬದಿಂದ ವೈರ್ ಎಳೆಯುವ ಜಾಣತನ ಬೇಡ. ಮೂರು ವಾರ ಮುಂಚೆ ಓಡಾಡಿದರೆ ಆರಾಮಾಗಿ ಆಗುತ್ತದೆ. ಸ್ವೀಕೃತಿ ಮೊಹರು ಹಾಕಿದ ಪ್ರತಿ ಜೇಬಿನಲ್ಲಿರಲಿ.

ಶಬ್ದದ ನಿಯಮ ಗೊತ್ತಿರಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಿರಬಹುದು. ನಮ್ಮೂರಿನಲ್ಲಿ ಇದು ಸಣ್ಣ ಮಾತಲ್ಲ. ಎರಡು ಬೀದಿಗೊಂದು ನರ್ಸಿಂಗ್ ಹೋಂ, ಮೂರು ಬೀದಿಗೊಂದು ಕಾಲೇಜು. ಪಾರ್ಕ್ ಆರಿಸುವಾಗಲೇ ಸುತ್ತ ನಡೆದು ನೋಡಿ. ಕಾರ್ಯಕ್ರಮ ಒಂಬತ್ತಕ್ಕೆ ಮುಗಿಸುವ ಲೆಕ್ಕ ಇಟ್ಟುಕೊಂಡರೆ ಒಂಬತ್ತೂವರೆಗೆ ಮುಗಿಯುತ್ತದೆ.

ಸಿನಿಮಾ ಹಾಡಿನ ರೆಕಾರ್ಡ್ ಹಾಕಿ ಮಕ್ಕಳನ್ನು ಕುಣಿಸುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಅದಕ್ಕೆ ಹಾಡಿನ ಹಕ್ಕುದಾರರ ಲೈಸೆನ್ಸ್ ತಲೆನೋವು ಬೇರೆ. ಸೋಬಾನೆ ಪದಕ್ಕೆ ಆ ಕಾಟವಿಲ್ಲ.

ಹೆಜ್ಜೆ 5: ನೆಲ

ಇಲ್ಲಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ. ನನ್ನ ಪ್ರಕಾರ ಇಡೀ ಸಂಜೆ ನಿಂತಿರುವುದು ಇದರ ಮೇಲೆ.

ಪಾರ್ಕಿನಲ್ಲಿ ಮೂರು ಥರದ ನೆಲ ಇರುತ್ತದೆ. ಹುಲ್ಲು, ಮಣ್ಣು, ಸಿಮೆಂಟ್ ಟೈಲ್ಸ್. ಫೋಟೋಗೆ ಟೈಲ್ಸ್ ಚೆಂದ. ಆದರೆ ನಮ್ಮ ಕುಣಿತದವರು ಬರಿಗಾಲಿನವರು. ಮಧ್ಯಾಹ್ನ ಪೂರ್ತಿ ಕಾದ ಟೈಲ್ಸ್ ಸಂಜೆ ಆರಕ್ಕೂ ಸುಡುತ್ತಿರುತ್ತದೆ. ನಂಬಿಕೆ ಇಲ್ಲದಿದ್ದರೆ ಚಪ್ಪಲಿ ಬಿಟ್ಟು ಒಂದು ನಿಮಿಷ ನಿಂತು ನೋಡಿ. ವೀರಗಾಸೆ, ನಂದಿಕೋಲು ದೇವರ ಸೇವೆ ಎಂದು ಮಾಡುವವರು, ಚಪ್ಪಲಿ ಹಾಕಿಕೊಳ್ಳಿ ಎನ್ನುವ ಹಾಗೂ ಇಲ್ಲ. ಮಣ್ಣಿನ ನೆಲವೇ ಸರಿ. ಹುಲ್ಲು ಎರಡನೆಯದು.

ಮಣ್ಣಾದರೆ ಧೂಳು. ಹದಿನಾಲ್ಕು ಜನ ಡೊಳ್ಳು ಹೊತ್ತು ಹಾರಿದರೆ ಮುಂದಿನ ಸಾಲಿನವರು ಕೆಂಪಗಾಗುತ್ತಾರೆ. ನೀರು ಚಿಮುಕಿಸಬೇಕು. ಎಷ್ಟು, ಯಾವಾಗ ಎಂಬುದರಲ್ಲೇ ಎಲ್ಲ ಇದೆ. ಒಂದು ವರ್ಷ ನಾನೇ ಮುಂದೆ ನಿಂತು ಐದೂವರೆಗೆ ಅರ್ಧ ಟ್ಯಾಂಕರ್ ನೀರು ಬಿಡಿಸಿದೆ. ಆರಕ್ಕೆ ಅದು ಕೆಸರುಗದ್ದೆ. ಮೊದಲ ಸುತ್ತಿನಲ್ಲೇ ಒಬ್ಬ ಹುಡುಗ ಡೊಳ್ಳಿನ ಸಮೇತ ಜಾರಿ ಬಿದ್ದ. ಪುಣ್ಯಕ್ಕೆ ಏನೂ ಆಗಲಿಲ್ಲ. ಈಗ ನಾವು ಮಾಡುವುದು ಹೀಗೆ: ಮಧ್ಯಾಹ್ನ ಮೂರಕ್ಕೆ ಚೆನ್ನಾಗಿ ತೋಯಿಸುವುದು, ಐದಕ್ಕೆ ಅಂಗಳಕ್ಕೆ ಚಳೆ ಹೊಡೆಯುವ ಹಾಗೆ ಕೈಯಲ್ಲಿ ಚಿಮುಕಿಸುವುದು. ಎರಡನೆಯ ಸಲಕ್ಕೆ ಬಿಂದಿಗೆ ಸಾಕು, ಪೈಪ್ ಬೇಡ. ಅದಕ್ಕೂ ಮೊದಲು ಕಲ್ಲು, ಗಾಜಿನ ಚೂರು, ಮುಳ್ಳು ಆರಿಸಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ.

ಆಮೇಲೆ ಸುತ್ತು. ಕನಿಷ್ಠ ಮೂವತ್ತು ಅಡಿ ಅಗಲದ ವೃತ್ತವನ್ನು ಸುಣ್ಣದ ಪುಡಿಯಲ್ಲಿ ಹಾಕಿ. ಗೂಟ, ಹಗ್ಗ ಇದ್ದರೆ ಐದು ನಿಮಿಷದ ಕೆಲಸ. ಗೆರೆಯ ಆಚೆ ಜಮಖಾನ, ಅದರ ಹಿಂದೆ ಖುರ್ಚಿ, ಅದರ ಹಿಂದೆ ನಿಲ್ಲುವವರು. ಒಂದು ಕಡೆ ಆರಡಿ ಬಾಗಿಲು ಬಿಡಿ. ಆ ಬಾಗಿಲು ತಂಡದವರಿಗೆ ಮಾತ್ರ, ಐಸ್‌ಕ್ರೀಂ ಗಾಡಿಗಲ್ಲ. ವಯಸ್ಸಾದವರ ಖುರ್ಚಿ ಪಶ್ಚಿಮದ ಕಡೆ ಹಾಕಿ. ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ, ಅಲ್ಲಿಯವರೆಗೆ ಬಿಸಿಲು ಅವರ ಬೆನ್ನಿಗಿರುತ್ತದೆ, ಕಣ್ಣಿಗಲ್ಲ.

ತಲೆ ಎತ್ತಿಯೂ ನೋಡಿ. ನಂದಿಕೋಲಿನ ಬಿದಿರು ಮರದ ಕೊಂಬೆಗೆ ತಾಗುತ್ತದೆ. ಕೊಂಬೆಯಾದರೂ ಪರವಾಗಿಲ್ಲ, ಮೇಲೆ ಕರೆಂಟ್ ತಂತಿ ಇದ್ದರೆ ಆ ಜಾಗವೇ ಬೇಡ.

ಹೆಜ್ಜೆ 6: ಮೈಕು, ದೀಪ, ಮತ್ತೆ ಹುಳ

ಡೊಳ್ಳು, ತಮಟೆ, ಸಮಾಳ, ಉರುಮೆಗೆ ಮೈಕ್ ಬೇಡ. ಆ ಸದ್ದು ಮೂರು ಬೀದಿ ದಾಟುತ್ತದೆ. ಮೈಕ್ ಬೇಕಾಗಿರುವುದು ಹಾಡಿಗೆ, ಗಣೆಗೆ, ವೀರಗಾಸೆಯ ಒಡಪಿಗೆ, ಅಂದರೆ ಕುಣಿತದ ನಡುವೆ ಜೋರಾಗಿ ಹೇಳುವ ಮಾತುಗಳಿಗೆ. ಒಡಪು ಹೇಳುವವರು ಓಡಾಡುತ್ತಾ ಹೇಳುತ್ತಾರೆ, ಆದ್ದರಿಂದ ಕಾಲರ್ ಮೈಕ್ ಇದ್ದರೆ ಕೊಡಿ. ಸೋಬಾನೆಯವರು ನಾಲ್ಕು ಜನ ಒಂದೇ ಮೈಕಿಗೆ ಮುಖ ಕೊಟ್ಟು ಹಾಡಿದರೆ ದನಿ ಹದವಾಗಿ ಬೆರೆಯುತ್ತದೆ. ನಾಲ್ಕು ಮೈಕ್ ಕೊಟ್ಟರೆ ಒಬ್ಬಜ್ಜಿಯ ದನಿ ಮಾತ್ರ ಕೇಳಿಸುತ್ತದೆ, ಉಳಿದ ಮೂವರು ಮುನಿಸಿಕೊಳ್ಳುತ್ತಾರೆ. ಗಾಳಿಗೆ ಮೈಕ್ ಬುಸುಗುಡದಂತೆ ಸ್ಪಂಜಿನ ಟೋಪಿ ಹಾಕಿಸಿ.

ಸೌಂಡಿನವರಿಗೆ ಒಂದೇ ಮಾತು ಹೇಳಿ: ಎಕೋ ತೆಗೆಯಿರಿ. ನಮ್ಮ ಕಡೆ ಎಕೋ ಇಲ್ಲದೆ ಹಲೋ ಕೂಡ ಹೇಳುವುದಿಲ್ಲ. ತತ್ವಪದದ ಒಂದೊಂದು ಮಾತೂ ಮೂರು ಮೂರು ಸಲ ಬಂದರೆ ತತ್ವ ಎಲ್ಲಿ ಉಳಿಯುತ್ತದೆ?

ದೀಪ ಎರಡು ಕಡೆಯಿಂದ, ಎತ್ತರದಿಂದ, ಓರೆಯಾಗಿ ಬೀಳಲಿ. ಹಳದಿ ಬೆಳಕಿದ್ದರೆ ಲಂಬಾಣಿ ಉಡುಪಿನ ಕನ್ನಡಿ ಮಿನುಗುವುದನ್ನು ನೋಡುವುದೇ ಚೆಂದ. ಒಂದು ಮಳೆ ಬಿದ್ದಿದ್ದರಂತೂ ದೀಪಕ್ಕೆ ಹುಳ ಮುತ್ತುತ್ತವೆ, ಹಾಡುವವರು ಬಾಯಿ ತೆರೆಯುವ ಹಾಗಿಲ್ಲ. ಇಪ್ಪತ್ತಡಿ ದೂರದಲ್ಲಿ ಒಂದು ಜೋರು ಬಿಳಿ ದೀಪ ಹಾಕಿಬಿಡಿ. ಹುಳಗಳೆಲ್ಲ ಅಲ್ಲಿಗೆ ಹೋಗುತ್ತವೆ.

ಹೆಜ್ಜೆ 7: ಕಲಾವಿದರಿಗೆ ಏನು ಬೇಕು

ಕುಡಿಯುವ ನೀರು, ಮಜ್ಜಿಗೆ, ನಿಂಬೆ ಪಾನಕ. ಡೊಳ್ಳು ಹತ್ತು ಕೆಜಿ ದಾಟುತ್ತದೆ. ಅದನ್ನು ಹೊತ್ತು ಅರ್ಧ ಗಂಟೆ ಕುಣಿದವರಿಗೆ ಒಂದು ಲೋಟ ನೀರಿನಿಂದ ಏನಾಗುತ್ತದೆ? ಉಪ್ಪು ಹಾಕಿದ ಮಜ್ಜಿಗೆ ಕೊಡ ತುಂಬ ಇಡಿ. ಭಾರಿ ಊಟ ಕುಣಿತ ಮುಗಿದ ಮೇಲೆ. ಮೊದಲು ಮಂಡಕ್ಕಿ, ಬಾಳೆಹಣ್ಣು, ಚಹಾ ಸಾಕು. ಮೆಣಸಿನಕಾಯಿ ಬಜ್ಜಿ ನೋಡುವವರಿಗಿರಲಿ, ಹಾಡುವವರ ಗಂಟಲಿಗೆ ಬೇಡ.

ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಬೇಕು. ಲಂಬಾಣಿಯವರ ಫೇಟಿಯಾ (ಲಂಗ), ಕಾಂಚಳಿ (ರವಿಕೆ), ಆಭರಣ ಎಲ್ಲ ಹಾಕಿಕೊಳ್ಳಲು ತುಂಬಾ ಹೊತ್ತು ಹಿಡಿಯುತ್ತದೆ, ತೂಕವೂ ಜಾಸ್ತಿ. ಪರದೆ ಕಟ್ಟಿದ ಮೂಲೆ ಸಾಲದು. ಪಾರ್ಕಿನ ಎದುರು ಮನೆಯವರನ್ನು ಒಂದು ರೂಮು, ಒಂದು ಬಾತ್‌ರೂಂ ಕೇಳಿ. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಕೇಳುವುದಕ್ಕೆ ನಮಗೇ ಮುಜುಗರ ಅಷ್ಟೇ. ಫ್ಯಾನ್ ಇರುವ ರೂಮಾದರೆ ಇನ್ನೂ ಒಳ್ಳೆಯದು.

ತಮಟೆಯವರಿಗೆ ಬೆಂಕಿ ಬೇಕು. ಚರ್ಮ ಕಾಯಿಸದೆ ತಮಟೆ ನುಡಿಯುವುದಿಲ್ಲ. ಪಾರ್ಕಿನ ಹುಲ್ಲಿನ ಮೇಲೆ ಬೆಂಕಿ ಹಾಕಿದರೆ ತೋಟದ ಸಿಬ್ಬಂದಿ ಸುಮ್ಮನಿರುತ್ತಾರಾ? ಗೇಟಿನ ಹೊರಗೆ ಒಂದು ಹಳೇ ಕಬ್ಬಿಣದ ಬಾಣಲೆ, ಒಂದು ಕಂತೆ ಹುಲ್ಲು, ಪಕ್ಕದಲ್ಲಿ ಎರಡು ಬಕೆಟ್ ನೀರು ಇಡಿ. ವಾದ್ಯಗಳನ್ನು ಜನ ಓಡಾಡುವಲ್ಲಿ ಇಡಿಸಬೇಡಿ. ಅವರು ಪೂಜೆ ಮಾಡುವ ವಸ್ತುಗಳವು, ಯಾರೋ ಚಪ್ಪಲಿ ಕಾಲಿನಲ್ಲಿ ದಾಟಿದರೆ ಮನಸ್ಸಿಗೆ ನೋವಾಗುತ್ತದೆ. ಒಂದು ಚಾಪೆ, ಒಂದು ಮೂಲೆ, ಕಾಯಲು ಒಬ್ಬ ಹುಡುಗ.

ಹೆಜ್ಜೆ 8: ಯಾವುದರ ಹಿಂದೆ ಯಾವುದು

ಐದೂವರೆಗೆ ತಮಟೆಯವರು ಬಡಾವಣೆಯ ನಾಲ್ಕು ಬೀದಿ ಸುತ್ತಿ ಬರಲಿ. ಕರಪತ್ರ, ಸ್ಟೇಟಸ್ಸು ಎಲ್ಲಕ್ಕಿಂತ ಇದೇ ಜೋರು. ಮಕ್ಕಳು ಹಿಂದೆ ಹಿಂದೆ ಬಂದುಬಿಡುತ್ತಾರೆ, ಮಕ್ಕಳ ಹಿಂದೆ ಅಜ್ಜಿಯರು. ಪಾರ್ಕಿಗೆ ಬಂದ ಮೇಲೆ ಹತ್ತು ನಿಮಿಷ ಬಿಡುವು ಕೊಟ್ಟು ಕಿವಿ ತಣ್ಣಗಾಗಲು ಬಿಡಿ. ಆಮೇಲೆ ಸೋಬಾನೆ. ಬಡಾವಣೆಯ ಹೆಂಗಸರೇ ನಾಲ್ಕು ಪದ ಹಾಡಿದರೆ ಪಾರ್ಕ್ ಮನೆಯ ಅಂಗಳದ ಹಾಗೆ ಆಗುತ್ತದೆ. ಮುಂದೆ ಗಣೆ ಅಥವಾ ತತ್ವಪದ, ಆಮೇಲೆ ರಂಗಗೀತೆ. ಕತ್ತಲಾಗುತ್ತಿದ್ದಂತೆ ಲಂಬಾಣಿ ಕುಣಿತ. ನಂತರ ವೀರಗಾಸೆ. ಕೊನೆಗೆ ಡೊಳ್ಳು. ಇಷ್ಟೂ ಒಂದೇ ಸಂಜೆಗಲ್ಲ, ನೀವು ಕರೆದ ನಾಲ್ಕು ತಂಡ ಈ ಸಾಲಿನಲ್ಲಿ ಎಲ್ಲಿ ಬರುತ್ತವೋ ಹಾಗೆ ಇಟ್ಟುಕೊಳ್ಳಿ.

ಸಣ್ಣ ದನಿ ಮೊದಲು, ದೊಡ್ಡ ಸದ್ದು ಆಮೇಲೆ. ಡೊಳ್ಳಿನ ಬೆನ್ನಿಗೆ ಏಕತಾರಿ ಇಟ್ಟರೆ ಆ ಬಡಪಾಯಿಯ ಹಾಡು ಯಾರಿಗೂ ಕೇಳಿಸುವುದಿಲ್ಲ. ಕಿವಿಯಲ್ಲಿ ಇನ್ನೂ ಡೊಳ್ಳೇ ಗುಂಯ್ಗುಡುತ್ತಿರುತ್ತದೆ.

ಭಾಷಣ? ಬೇಡ ಎಂದರೆ ನಡೆಯುವುದಿಲ್ಲ, ಗೊತ್ತು. ಬೀದಿ ಸುತ್ತಿ ಬಂದ ಮೇಲಿನ ಹತ್ತು ನಿಮಿಷದ ಬಿಡುವಿನಲ್ಲೇ ಮುಗಿಸಿ. ಮಾತಾಡುವವರು ಅದೇ ವೃತ್ತದ ನಡುವೆ ನಿಂತು ಮಾತಾಡಲಿ. ಸುತ್ತಲೂ ಜನ, ಬೆನ್ನ ಹಿಂದೆಯೂ ಜನ ಇದ್ದಾಗ ಯಾರೂ ಜಾಸ್ತಿ ಹೊತ್ತು ಮಾತಾಡುವುದಿಲ್ಲ. ಇದು ನಾವು ಕಂಡುಕೊಂಡ ಗುಟ್ಟು. ನಿರೂಪಕರು ತಂಡದ ಊರು, ವಾದ್ಯದ ಹೆಸರು, ಎರಡು ಸಾಲು ವಿವರ ಹೇಳಿ ಪಕ್ಕಕ್ಕೆ ಸರಿಯಲಿ.

ಡೊಳ್ಳು ಮುಗಿದ ಮೇಲೆ ಮಕ್ಕಳು ಬಂದು ಮುಟ್ಟುತ್ತಾರೆ, ಬಾರಿಸಬೇಕು ಎನ್ನುತ್ತಾರೆ. ಯಜಮಾನರನ್ನು ಮೊದಲೇ ಕೇಳಿ ಒಪ್ಪಿಸಿರಿ. ಚಪ್ಪಲಿ ಬಿಟ್ಟು, ನಮಸ್ಕಾರ ಮಾಡಿ, ಒಬ್ಬೊಬ್ಬರಾಗಿ. ಆ ಹದಿನೈದು ನಿಮಿಷವನ್ನು ಒಂಬತ್ತರ ಲೆಕ್ಕದೊಳಗೇ ಸೇರಿಸಿಕೊಳ್ಳಿ.

ಹೆಜ್ಜೆ 9: ಮಳೆ ಬಂದರೆ

ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಮಧ್ಯಾಹ್ನದ ಧಗೆ ಜೋರಾಗಿದ್ದಷ್ಟೂ ಸಂಜೆ ಗಾಳಿ, ಗುಡುಗು ಬರುವುದು ಜಾಸ್ತಿ. ಮೊದಲು ಧೂಳುಗಾಳಿ, ಹತ್ತು ನಿಮಿಷಕ್ಕೆ ದಪ್ಪ ಹನಿ, ಕರೆಂಟು ಹೋಗುವುದು ಅದರ ಜೊತೆಗೇ. ಗುಡುಗು ಕೇಳಿಸಿದ ಕೂಡಲೇ ಮೈಕ್ ನಿಲ್ಲಿಸಿ, ಮೇನ್ ಆಫ್ ಮಾಡಿ. ಜನರನ್ನು ಮರದ ಕೆಳಗೆ ನಿಲ್ಲಲು ಬಿಡಬೇಡಿ. ಶಾಮಿಯಾನ ಹಾಕಿದ್ದರೆ ಗಾಳಿಗೆ ಅದೇ ಮೊದಲು ಎದ್ದು ಹೋಗುತ್ತದೆ, ಹಾಕದಿರುವುದೇ ಮೇಲು.

ವಾದ್ಯಗಳಿಗೆ ಪ್ಲಾಸ್ಟಿಕ್ ಹಾಳೆ ಮೊದಲೇ ತಂದಿಡಿ. ಚರ್ಮ ನೆನೆದರೆ ಆ ರಾತ್ರಿಗೆ ಡೊಳ್ಳು ಮುಗಿಯಿತು ಎಂದೇ ಅರ್ಥ, ಮರುದಿನ ಅವರಿಗೆ ಬೇರೆ ಕಡೆ ವೀಳ್ಯ ಇದ್ದರೆ ಅದಕ್ಕೂ ಕಷ್ಟ. ಹತ್ತಿರದ ಸಮುದಾಯ ಭವನವನ್ನೋ ಶಾಲೆಯ ಹಾಲನ್ನೋ ಮಾತಾಡಿ ಇಟ್ಟುಕೊಳ್ಳಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ನಮಗೊಮ್ಮೆ ಹಾಲ್ ಇತ್ತು, ಬೀಗದ ಕೈ ಇಟ್ಟುಕೊಂಡವರು ಮದುವೆಗೆ ಹೋಗಿದ್ದರು. ಮಳೆ ಬಂದು ಕಾರ್ಯಕ್ರಮ ನಿಂತರೂ ಸಂಭಾವನೆ ಪೂರ್ತಿ ಕೊಡಬೇಕು.

ಹೆಜ್ಜೆ 10: ಮುಗಿದ ಮೇಲೆ

ಊಟ ಬಿಸಿ ಇರಲಿ, ಕೂತು ಉಣ್ಣುವ ಹಾಗಿರಲಿ. ಲಕೋಟೆಯನ್ನು ಯಜಮಾನರ ಕೈಗೆ, ಇನ್ನಿಬ್ಬರ ಎದುರಿಗೆ ಕೊಡಿ. ಹಾಡುವಾಗ ಮಾಡಿಕೊಂಡ ವಿಡಿಯೋವನ್ನು ಎಲ್ಲೆಲ್ಲೋ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿ, ತಂಡದ ಹೆಸರು, ಊರಿನ ಹೆಸರು ಬರೆದು ಹಾಕಿ, ಅವರಿಗೂ ಕಳಿಸಿ. ಮುಂದಿನ ವೀಳ್ಯ ತರುವುದು ಅದೇ ವಿಡಿಯೋ.

ಗಾಡಿ ಹೊರಟ ಮೇಲೆ ಮಜ್ಜಿಗೆ ಲೋಟ, ಮಂಡಕ್ಕಿ ಪೊಟ್ಟಣ ಎಲ್ಲ ಆ ರಾತ್ರಿಯೇ ಎತ್ತಿಬಿಡಿ. ಬೆಳಿಗ್ಗೆ ಐದಕ್ಕೆ ವಾಕಿಂಗಿಗೆ ಬರುವವರ ಬಾಯಿಗೆ ಬೀಳಬೇಡಿ, ಮುಂದಿನ ವರ್ಷ ಚಂದಾ ಕೊಡಬೇಕಾದವರು ಅವರೇ. ರಾತ್ರಿ ಹನ್ನೊಂದರ ಸುಮಾರಿಗೆ ತಂಡದ ಯಜಮಾನರಿಗೆ ಫೋನ್ ಮಾಡಿ, ಎಲ್ಲರೂ ಮನೆ ಮುಟ್ಟಿದರಾ ಕೇಳಿ. ಹಾಗೇ ಮುಂದಿನ ಬೇಸಿಗೆಗೆ ಯಾವ ಶನಿವಾರ ಬಿಡುವು ಎಂದೂ ಕೇಳಿಬಿಡಿ. ಜಾತ್ರೆಯವರು ನಿಮಗಿಂತ ಮೊದಲೇ ಎಲೆ-ಅಡಿಕೆ ತೆಗೆದುಕೊಂಡು ಹೋಗಿಬಿಡುತ್ತಾರೆ.